ಕರ್ನಾಟಕದಲ್ಲಿ ರಕ್ತದ ಕ್ಯಾನ್ಸರ್ ಸಂಶೋಧನೆ

ರಕ್ತ ಹೇಗೆ ಹುಟ್ಟುತ್ತದೆ, ಯಾಕೆ ಕೆಡುತ್ತದೆ, ಕೆಟ್ಟದ್ದನ್ನು ಹೇಗೆ ಸರಿಪಡಿಸಬಹುದು ಎಂಬ ಮೂರು ಪ್ರಶ್ನೆಗಳನ್ನು ಹಿಡಿದು ನಡೆಯುವ ವೈದ್ಯಶಾಖೆ ರಕ್ತಶಾಸ್ತ್ರ. ಕರ್ನಾಟಕದಲ್ಲಿ ಇದು ಮೊದಲು ಆಸ್ಪತ್ರೆಯ ವಾರ್ಡುಗಳಲ್ಲಿ ನೆಲೆಯೂರಿ, ಆಮೇಲೆ ಪ್ರಯೋಗಾಲಯಗಳಿಗೆ ಹಬ್ಬಿತು. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಬಿಳಿಗಿರಿರಂಗನ ಬೆಟ್ಟದ ಹಾಡಿಗಳು, ದಾವಣಗೆರೆಯ ಹಿಮೋಫಿಲಿಯಾ ಸಂಘ ಇವೆಲ್ಲ ಈ ಚರಿತ್ರೆಯ ಭಾಗಗಳು. ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯಲ್ಲಿರುವ ದೇವಸುಗೂರಿನಂಥ ಊರಿನಿಂದ ಬೆಂಗಳೂರಿಗೆ ಹೋಗಿ ಬರುವ ರೋಗಿಗಳೂ ಅಷ್ಟೇ ಮುಖ್ಯ ಭಾಗ. ಅವರು ಕೊಟ್ಟ ರಕ್ತ ಮತ್ತು ಮಜ್ಜೆಯ ಮಾದರಿಗಳಿಲ್ಲದೆ ಈ ಸಂಶೋಧನೆ ನಡೆಯುತ್ತಿರಲಿಲ್ಲ.

ರೋಗದ ಸ್ವರೂಪ

ಮೂಳೆಗಳ ಒಳಗಿನ ಮಜ್ಜೆಯಲ್ಲಿ ಆಕರ ಕೋಶಗಳಿರುತ್ತವೆ. ಕೆಂಪು ರಕ್ತಕಣ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲವೂ ಅವುಗಳಿಂದಲೇ ಹುಟ್ಟುತ್ತವೆ. ಬಿಳಿ ಕಣವಾಗಬೇಕಾದ ಕೋಶವೊಂದು ಬಲಿಯದೆ, ಸಾಯದೆ, ತನ್ನದೇ ಪ್ರತಿಗಳನ್ನು ಹೆರುತ್ತ ಹೋದರೆ ಮಜ್ಜೆಯಲ್ಲಿ ಉಳಿದವುಗಳಿಗೆ ಜಾಗವಿರುವುದಿಲ್ಲ. ಇದೇ ಲ್ಯುಕೇಮಿಯಾ, ಜನರ ಮಾತಿನಲ್ಲಿ ಬ್ಲಡ್ ಕ್ಯಾನ್ಸರ್.

ಕೆಂಪು ಕಣ ಕಡಿಮೆಯಾಗಿ ಮೈ ಬಿಳಿಚಿಕೊಳ್ಳುತ್ತದೆ, ಸುಸ್ತು ಹತ್ತುತ್ತದೆ. ಪ್ಲೇಟ್‌ಲೆಟ್ ಇಳಿದು ವಸಡಿನಲ್ಲಿ ರಕ್ತ ಒಸರುತ್ತದೆ, ಚರ್ಮದ ಮೇಲೆ ನೀಲಿ ಕಲೆಗಳು ಏಳುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಆರೋಗ್ಯವಂತ ಬಿಳಿ ಕಣಗಳಿಲ್ಲದೆ ಜ್ವರ ಬಿಡುವುದಿಲ್ಲ. ಮಕ್ಕಳು ಕಾಲು ನೋವೆಂದು ಅಳುತ್ತಾರೆ. ಮಲೇರಿಯಾ, ಡೆಂಗಿ, ಕ್ಷಯಗಳೆಲ್ಲ ಇರುವ ನಾಡಿನಲ್ಲಿ ಈ ಲಕ್ಷಣಗಳು ಮೊದಲು ಬೇರೆ ಕಾಯಿಲೆಗಳತ್ತ ಬೊಟ್ಟು ಮಾಡುವುದು ಸಹಜ. ಆದರೆ ರಕ್ತಕಣಗಳನ್ನು ಎಣಿಸುವ ಸಿಬಿಸಿ ಪರೀಕ್ಷೆ ಮಾಡಿಸಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ಅಲ್ಲೇ ಮೂಡುತ್ತದೆ. ಆಮೇಲೆ ಮಜ್ಜೆಯ ಪರೀಕ್ಷೆ ಅದನ್ನು ಖಚಿತಪಡಿಸುತ್ತದೆ.

ರೋಗ ವೇಗವಾಗಿ ಏರುತ್ತದೆಯೋ ನಿಧಾನವಾಗಿಯೋ, ಲಿಂಫ್ ಸಾಲಿನ ಕೋಶದಿಂದ ಹುಟ್ಟಿತೋ ಮೈಲಾಯ್ಡ್ ಸಾಲಿನ ಕೋಶದಿಂದಲೋ ಎಂಬುದರ ಮೇಲೆ ಲ್ಯುಕೇಮಿಯಾವನ್ನು ನಾಲ್ಕು ಮುಖ್ಯ ಬಗೆಗಳಾಗಿ ವಿಂಗಡಿಸುತ್ತಾರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಬೆಂಜೀನ್, ಅತಿಯಾದ ವಿಕಿರಣ, ಹಿಂದೆ ಪಡೆದ ಕೆಲವು ಕಿಮೋಥೆರಪಿ ಔಷಧಗಳು ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂಬುದು ಸಾಬೀತಾಗಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಸಾಧ್ಯತೆ ಹೆಚ್ಚು. ಬಹುಪಾಲು ರೋಗಿಗಳಲ್ಲಿ ಮಾತ್ರ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಇದು ಅಂಟುರೋಗವಲ್ಲ. ಸಾಮಾನ್ಯವಾಗಿ ತಂದೆತಾಯಿಯಿಂದ ಮಕ್ಕಳಿಗೆ ಬರುವಂಥದ್ದೂ ಅಲ್ಲ.

ಮೊದಲ ಔಷಧದ ಹಿಂದೆ ಭಾರತ

1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಮತ್ತು ಬರ್ಲಿನ್ನಿನ ರುಡಾಲ್ಫ್ ವಿರ್ಖೋ ಈ ರೋಗವನ್ನು ಬೇರೆಬೇರೆಯಾಗಿ ವಿವರಿಸಿದರು. ಎರಡು ವರ್ಷಗಳ ಬಳಿಕ ವಿರ್ಖೋ ಅದಕ್ಕೆ ಲ್ಯುಕೇಮಿಯಾ ಎಂದು ಹೆಸರಿಟ್ಟರು. ಹೆಸರು ಸಿಕ್ಕ ಮೇಲೂ ನೂರು ವರ್ಷ ಮದ್ದು ಸಿಗಲಿಲ್ಲ.

ಮದ್ದಿನ ಮೊದಲ ಎಳೆ ಮುಂಬೈಯಲ್ಲಿ ಸಿಕ್ಕಿತು. 1928ರಲ್ಲಿ ಇಂಗ್ಲೆಂಡಿನಿಂದ ಅಲ್ಲಿಗೆ ಬಂದ ರಕ್ತಶಾಸ್ತ್ರಜ್ಞೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರವಾದ ಮಾರ್ಮೈಟ್ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆಂದು ತೋರಿಸಿದರು. ಆ ಸಾರದಲ್ಲಿದ್ದ ಜೀವಸತ್ವ ಫೋಲಿಕ್ ಆಮ್ಲವೆಂದು ಮುಂದೆ ಗೊತ್ತಾಯಿತು.

ಎರಡನೆಯ ಎಳೆ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ನಂತರ ಅದೇ ಆಮ್ಲದಂತೆ ಕಂಡು ಕೋಶವನ್ನು ಏಮಾರಿಸುವ ಅಮಿನೊಪ್ಟೆರಿನ್ ಮತ್ತು ಮೆಥೊಟ್ರೆಕ್ಸೇಟ್‌ಗಳನ್ನು ಕೊಟ್ಟಿತು. ಕೋಶ ವಿಭಜನೆಗೆ ಫೋಲಿಕ್ ಆಮ್ಲ ಬೇಕೇ ಬೇಕು. ಅದು ಸಿಗದಂತೆ ತಡೆದರೆ ಬಿಡುವಿಲ್ಲದೆ ಬೆಳೆಯುವ ಲ್ಯುಕೇಮಿಯಾ ಕೋಶಕ್ಕೇ ಮೊದಲ ಪೆಟ್ಟು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಕೊಟ್ಟ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಈ ವರದಿ 1948ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯಲ್ಲಿ ಉಳಿದಿದೆ.

ಕಿದ್ವಾಯಿ ಮತ್ತು ಎಣಿಕೆಯ ಕೆಲಸ

ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತ ಬೆಂಗಳೂರಿನ ಸಂಸ್ಥೆ 1980ರಲ್ಲಿ ಸ್ವಾಯತ್ತವಾಯಿತು. ಡಾ. ಎಂ. ಕೃಷ್ಣ ಭಾರ್ಗವ ಅದರ ನಿರ್ದೇಶಕರಾಗಿದ್ದ ಆ ದಶಕದಲ್ಲಿ ಅದು ಇಡೀ ರಾಜ್ಯದ ಕ್ಯಾನ್ಸರ್ ರೋಗಿಗಳ ಮುಖ್ಯ ಆಸರೆಯಾಗಿ ಬೆಳೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರ ಜನವರಿಯಿಂದ ಮುಂಬೈ, ಚೆನ್ನೈಗಳ ಜೊತೆ ಬೆಂಗಳೂರಿನಲ್ಲೂ ಜನಸಂಖ್ಯೆ ಆಧಾರಿತ ದಾಖಲೆ ಇಡತೊಡಗಿತು. ಬೆಂಗಳೂರಿನ ದಾಖಲೆಯ ಹೊಣೆ ಕಿದ್ವಾಯಿಯದು. ಯಾರಿಗೆ, ಯಾವ ವಯಸ್ಸಿನಲ್ಲಿ, ಎಂಥ ಕ್ಯಾನ್ಸರ್ ಬಂತು ಎಂದು ಬರೆದಿಡುವ ಈ ಕೆಲಸಕ್ಕೆ ಚಪ್ಪಾಳೆ ಸಿಗುವುದು ಕಡಿಮೆ. ಆದರೆ ರೋಗ ಹೆಚ್ಚುತ್ತಿದೆಯೇ ಇಲ್ಲವೇ ಎಂದು ಹೇಳಲು ಬೇರೆ ದಾರಿಯಿಲ್ಲ.

ಚಿಕಿತ್ಸೆಯಲ್ಲಿ ದೊಡ್ಡ ತಿರುವು ಕೊಟ್ಟದ್ದು ಎಂಸಿಪಿ 841 ಎಂಬ ಕ್ರಮ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮ್ಯಾಗ್ರಾತ್ ಅವರೊಡನೆ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, ದೆಹಲಿಯ ಏಮ್ಸ್ ಸೇರಿ 1980ರ ದಶಕದ ನಡುವಿನಲ್ಲಿ ಇದನ್ನು ಜಾರಿಗೆ ತಂದವು. ಯಾವ ಔಷಧ, ಯಾವ ದಿನ, ಎಷ್ಟು ಎಂಬುದನ್ನು ಭಾರತದ ಆಸ್ಪತ್ರೆಗಳ ಅನುಕೂಲ ನೋಡಿ ಹೊಂದಿಸಲಾಗಿತ್ತು. ಅದಕ್ಕೆ ಮೊದಲು ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಬಂದ ಮಕ್ಕಳಲ್ಲಿ ಉಳಿಯುತ್ತಿದ್ದವರು ಐದಕ್ಕೆ ಒಬ್ಬರು. ಈ ಕ್ರಮದಿಂದ ಸುಮಾರು ಅರ್ಧದಷ್ಟು ಮಕ್ಕಳು ಉಳಿಯುವಂತಾಯಿತು. ಕಿದ್ವಾಯಿಯ ಮಕ್ಕಳ ವಿಭಾಗವೂ ಇದೇ ಹಾದಿ ಹಿಡಿಯಿತು.

ಸಂಶೋಧಕರೊಬ್ಬರ ಹಾದಿ: ಸತೀಶ್ ರಾಘವನ್

ವಾರ್ಡಿನಲ್ಲಿ ಕಂಡ ರೋಗದ ಬೇರನ್ನು ಡಿಎನ್‌ಎಯಲ್ಲಿ ಹುಡುಕಿದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಸಿ. ರಾಘವನ್ ಮುಖ್ಯರು. ಕೇರಳ ಮೂಲದ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಲಾಸ್ ಏಂಜಲೀಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಲೀಬರ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಅವರು ಎತ್ತಿಕೊಂಡ ಪ್ರಶ್ನೆಯೇ ಮುಂದಿನ ವೃತ್ತಿಜೀವನದ ದಿಕ್ಕನ್ನು ತೀರ್ಮಾನಿಸಿತು.

ಲೋಕದಲ್ಲಿರುವ ರೋಗಾಣುಗಳು ಲೆಕ್ಕಕ್ಕೆ ಸಿಗದಷ್ಟು, ನಮ್ಮಲ್ಲಿರುವ ಜೀನ್‌ಗಳು ಸುಮಾರು 20 ಸಾವಿರ ಮಾತ್ರ. ಹಾಗಿದ್ದೂ ಪ್ರತಿಯೊಂದು ರೋಗಾಣುವಿಗೆ ತಕ್ಕ ಪ್ರತಿಕಾಯವನ್ನು ದೇಹ ತಯಾರಿಸುತ್ತದೆ. ಹಳೆಯ ಬಟ್ಟೆಯ ತುಂಡುಗಳನ್ನು ಪ್ರತಿಸಲ ಬೇರೆ ಬಗೆಯಲ್ಲಿ ಜೋಡಿಸಿ ಕೌದಿ ಹೊಲಿಯುವಂತೆ, ಲಿಂಫ್ ಕೋಶಗಳು ತಮ್ಮ ಡಿಎನ್‌ಎಯ ತುಣುಕುಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಕತ್ತರಿಸುವ ಕಿಣ್ವದ ಹೆಸರು ರ‍್ಯಾಗ್. ಅದು ಕತ್ತರಿಸಬಾರದ ಕಡೆ ಕತ್ತರಿಸಿದಾಗ ಒಂದು ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಲಿಂಫ್ ಗ್ರಂಥಿಗಳ ಕ್ಯಾನ್ಸರ್ ಆದ ಫಾಲಿಕ್ಯುಲರ್ ಲಿಂಫೋಮಾದಲ್ಲಿ 18ನೆಯ ವರ್ಣತಂತುವಿನಲ್ಲಿರುವ ಬಿಸಿಎಲ್2 ಜೀನ್ 14ನೆಯ ವರ್ಣತಂತುವಿಗೆ ಹೋಗಿ ಸೇರುತ್ತದೆ. ಬಿಸಿಎಲ್2 ಕೋಶವನ್ನು ಸಾಯಗೊಡದ ಜೀನ್. ಹೊಸ ಜಾಗದಲ್ಲಿ ಅದು ಮಿತಿಮೀರಿ ಕೆಲಸ ಮಾಡುತ್ತದೆ.

ಮನುಷ್ಯನ ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಆದರೆ ಈ ಬಿರುಕು ಬಹಳಷ್ಟು ರೋಗಿಗಳಲ್ಲಿ ಸುಮಾರು 150 ಅಕ್ಷರಗಳ ಒಂದೇ ಪಟ್ಟಿಯಲ್ಲಿ ಬೀಳುತ್ತದೆ. ಯಾಕೆ? 2004ರ ಮಾರ್ಚ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ರಾಘವನ್, ಲೀಬರ್ ಮತ್ತು ಸಂಗಡಿಗರು ಉತ್ತರ ಕೊಟ್ಟರು. ಆ ಜಾಗದಲ್ಲಿ ಡಿಎನ್‌ಎ ಎಂದಿನ ಜೋಡಿ ಸುರುಳಿಯ ಆಕಾರದಲ್ಲಿ ಇರುವುದಿಲ್ಲ. ಎಳೆಗಳು ಅಲ್ಲಲ್ಲಿ ಬಿಚ್ಚಿಕೊಂಡು ಬೇರೆ ರೂಪ ತಾಳಿರುತ್ತವೆ. ರ‍್ಯಾಗ್ ಕಿಣ್ವ ಸಾಮಾನ್ಯವಾಗಿ ಒಂದು ಗೊತ್ತಾದ ಅಕ್ಷರಸಾಲನ್ನು ಗುರುತು ಹಿಡಿದು ಕತ್ತರಿಸುತ್ತದೆ. ಇಲ್ಲಿ ಅದು ಆಕಾರವನ್ನು ಗುರುತಿಸಿ ಕತ್ತರಿ ಹಾಕುತ್ತಿತ್ತು. ಕ್ಯಾನ್ಸರ್ ತರುವ ತಪ್ಪುಗಳಲ್ಲಿ ಕೆಲವಕ್ಕೆ ಡಿಎನ್‌ಎಯ ರೂಪವೇ ಕಾರಣವಾಗಬಲ್ಲದು ಎಂಬುದಕ್ಕೆ ಇದು ಗಟ್ಟಿಯಾದ ಪುರಾವೆಯಾಯಿತು.

2006ರಲ್ಲಿ ರಾಘವನ್, ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆಗೆ ಬಂದು ತಮ್ಮದೇ ಪ್ರಯೋಗಾಲಯ ಕಟ್ಟಿದರು. ಇಲ್ಲಿನ ಮೊದಲ ವರ್ಷಗಳ ಕೆಲಸಗಳಲ್ಲಿ ಒಂದು, ಆರೋಗ್ಯವಂತ ಭಾರತೀಯರ ರಕ್ತದಲ್ಲೂ ಇಂಥ ವರ್ಣತಂತು ಅದಲುಬದಲು ಇದೆಯೇ ಎಂದು ನೋಡುವುದು. ವಿದ್ಯಾರ್ಥಿನಿ ಮೃದುಲಾ ನಂಬಿಯಾರ್ ಜೊತೆ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ ಎಂದು ತೋರಿಸಿತು. ಲಿಂಫೋಮಾ ಇಲ್ಲದ ಎಷ್ಟೋ ಜನರ ರಕ್ತದಲ್ಲಿ 14 ಮತ್ತು 18ನೆಯ ವರ್ಣತಂತುಗಳ ಈ ಬೆಸುಗೆ ಸಿಕ್ಕಿತು. ಅಂದರೆ ಒಂದು ತಪ್ಪಿನಿಂದಲೇ ಕ್ಯಾನ್ಸರ್ ಹುಟ್ಟುವುದಿಲ್ಲ. ಅದರ ಮೇಲೆ ಮತ್ತೆ ಕೆಲವು ತಪ್ಪುಗಳು ಕೂಡಬೇಕು.

ಮುಂದಿನ ಪ್ರಶ್ನೆ ಔಷಧದ್ದು. ವಿಕಿರಣ ಮತ್ತು ಹಲವು ಕಿಮೋಥೆರಪಿ ಔಷಧಗಳು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ತುಂಡರಿಸಿ ಕೊಲ್ಲುತ್ತವೆ. ಆದರೆ ಆ ಕೋಶ ತುಂಡುಗಳನ್ನು ಮತ್ತೆ ಜೋಡಿಸಿಕೊಂಡು ಬದುಕಿಬಿಡುತ್ತದೆ. ಜೋಡಣೆಯ ಕೊನೆಯ ಹಂತದ ಕಿಣ್ವ ಲೈಗೇಸ್ 4. ಅದನ್ನು ತಡೆಯುವ ಎಸ್‌ಸಿಆರ್7 ಎಂಬ ಸಣ್ಣ ಅಣುವನ್ನು ರಾಘವನ್ ತಂಡ 2012ರ ಡಿಸೆಂಬರ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ವರದಿ ಮಾಡಿತು. ಬೆಂಗಳೂರಿನ ಜೀವಮಾಹಿತಿ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನ ಸಂಸ್ಥೆಯ ಬಿಭಾ ಚೌಧರಿ ಈ ಕೆಲಸದ ಸಹಭಾಗಿ. ಇಲಿಗಳಲ್ಲಿ ಕೆಲವು ಬಗೆಯ ಗಡ್ಡೆಗಳು ಕುಗ್ಗಿದವು, ಆಯುಸ್ಸು ಹೆಚ್ಚಿತು. 2013ರಲ್ಲಿ ರಾಘವನ್ ಅವರಿಗೆ ಜೀವವಿಜ್ಞಾನದ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 2015ರಲ್ಲಿ ಅಮೆರಿಕದ ತಂಡವೊಂದು, ಕ್ರಿಸ್ಪರ್ ತಂತ್ರದಿಂದ ಜೀನ್ ತಿದ್ದುವಾಗ ಇದೇ ಅಣು ಬಳಸಿದರೆ ನಿಖರತೆ ಹೆಚ್ಚುತ್ತದೆಂದು ವರದಿ ಮಾಡಿತು. ಹಾಗಾಗಿ ಬೆಂಗಳೂರಿನ ಅಣುವಿನ ಹೆಸರು ಲೋಕದ ಹಲವು ಪ್ರಯೋಗಾಲಯಗಳಿಗೆ ಪರಿಚಯವಾಯಿತು.

ಪ್ರಶ್ನೆಗಳೂ ಬಂದವು. 2016ರಲ್ಲಿ ಅಮೆರಿಕದ ಇನ್ನೊಂದು ತಂಡ, ಎಸ್‌ಸಿಆರ್7 ಲೈಗೇಸ್ 4ನ್ನು ಮಾತ್ರ ಆರಿಸಿ ತಡೆಯುವುದಿಲ್ಲ, ಅದರ ಶಕ್ತಿಯೂ ಸಾಲದು ಎಂದು ಬರೆಯಿತು. ಅಣುವಿನ ರಚನೆ ನಿಜಕ್ಕೂ ಯಾವುದು ಎಂಬ ಚರ್ಚೆಯೂ ನಡೆಯಿತು. ಬೆಂಗಳೂರಿನ ತಂಡ 2018ರಲ್ಲಿ ಅಣುವಿನ ಬೇರೆಬೇರೆ ರೂಪಗಳನ್ನು ಪರೀಕ್ಷಿಸಿ, ಅವು ಲೈಗೇಸ್ 4ರ ಮೂಲಕವೇ ಕೆಲಸ ಮಾಡುತ್ತವೆಂದು ತನ್ನ ಫಲಿತಾಂಶಗಳನ್ನು ಮುಂದಿಟ್ಟಿತು. ಒಂದು ಅಣು ಪ್ರಯೋಗಾಲಯದಿಂದ ಹೊರಟು ರೋಗಿಯ ಹಾಸಿಗೆ ತಲುಪುವ ಮುನ್ನ ಇಂಥ ಒರೆಗಲ್ಲುಗಳನ್ನು ದಾಟಲೇಬೇಕು. ರಾಘವನ್ ಅವರ ವೃತ್ತಿಜೀವನದ ಬೆಲೆ ಆ ಒಂದು ಅಣುವಿಗೆ ಕಟ್ಟಿಬಿದ್ದಿಲ್ಲ. ಲಿಂಫ್ ಕೋಶದ ಡಿಎನ್‌ಎ ಎಲ್ಲಿ ಮುರಿಯುತ್ತದೆ, ಯಾಕೆ ಅಲ್ಲೇ ಮುರಿಯುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಒಂದು ಇಡೀ ಪೀಳಿಗೆಯ ಸಂಶೋಧಕರು ಅವರ ಪ್ರಯೋಗಾಲಯದಲ್ಲಿ ಪಳಗಿದರು.

ಹಣ್ಣಿನ ನೊಣದಿಂದ ಮಜ್ಜೆಗೆ

ಜಕ್ಕೂರಿನ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಹಿಡಿದ ದಾರಿ ಬೇರೆ. ಹಣ್ಣಿನ ನೊಣದ ರಕ್ತಕೋಶಗಳಲ್ಲಿ ಕೆಲಸ ಮಾಡುವ ಜೀನೊಂದನ್ನು ಅವರು 2003ರಲ್ಲಿ ವಿವರಿಸಿ, ಅದಕ್ಕೆ ಅಸೃಜ್ ಎಂದು ಹೆಸರಿಟ್ಟರು. ಮನುಷ್ಯರಲ್ಲೂ ಅದರ ಸಮಾನ ಜೀನ್ ಇದೆ. ಆ ಜೀನ್ ತೆಗೆದ ಇಲಿಗಳಲ್ಲಿ ರಕ್ತದ ಆಕರ ಕೋಶಗಳು ವಿಶ್ರಾಂತಿ ಮರೆತು ವಿಭಜಿಸತೊಡಗುತ್ತವೆ, ಮೈಲಾಯ್ಡ್ ಕೋಶಗಳು ಮಿತಿಮೀರುತ್ತವೆ ಎಂದು ಅವರ ತಂಡ 2019ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ತೋರಿಸಿತು. ಲ್ಯುಕೇಮಿಯಾದ ಹಿಂದಿನ ಮೆಟ್ಟಿಲನ್ನು ಹೋಲುವ ಸ್ಥಿತಿ ಅದು. ಇನಾಂದಾರ್ 2022ರಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ನಿರ್ದೇಶಕರಾದರು.

ಕ್ಯಾನ್ಸರ್ ಅಲ್ಲದ ರಕ್ತರೋಗಗಳು

ಭಾರತದಲ್ಲಿ ಕುಡಗೋಲು ಕಣದ ರಕ್ತಹೀನತೆಯ ಗುಣವನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ, ನೀಲಗಿರಿಯ ಬೆಟ್ಟದ ಸಮುದಾಯಗಳಲ್ಲಿ. ಲೇಮನ್ ಮತ್ತು ಕಟ್‌ಬುಷ್ ಅವರ ಆ ಅಧ್ಯಯನದಲ್ಲಿ ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರೂ ಇದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ರೋಗವನ್ನು ಗುರುತಿಸಿ ಚಿಕಿತ್ಸೆಗೆ ತೊಡಗಿದ್ದು ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮ 2047ರೊಳಗೆ ಈ ರೋಗವನ್ನು ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿದೆ. ಕರ್ನಾಟಕವೂ ಅದರಲ್ಲಿ ಸೇರಿದೆ.

ಗಾಯವಾದರೆ ರಕ್ತ ನಿಲ್ಲದ ಹಿಮೋಫಿಲಿಯಾಕ್ಕೆ ಕನ್ನಡದಲ್ಲಿ ಕುಸುಮ ರೋಗವೆನ್ನುತ್ತಾರೆ. ದಾವಣಗೆರೆಯ ಜೆಜೆಎಂ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರ ಕಲಿಸಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ರೋಗದೊಡನೆ ಬದುಕುತ್ತಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು.

ಕೋಲಾರದ ಪ್ರಸಂಗ ಇತ್ತೀಚಿನದು. ಹೃದಯದ ಶಸ್ತ್ರಚಿಕಿತ್ಸೆಗೆ ಬಂದ ಮಹಿಳೆಯೊಬ್ಬರಿಗೆ ಒ ಪಾಸಿಟಿವ್ ಗುಂಪಿನ ಯಾವ ರಕ್ತವೂ ಹೊಂದಲಿಲ್ಲ. ಬಂಧುಗಳ ರಕ್ತವೂ ಹೊಂದಲಿಲ್ಲ. ಹೊರಗಿನ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ನಡೆಯಿತು. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರ ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಅಂತರರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸಿತು. ಹತ್ತು ತಿಂಗಳ ಪರೀಕ್ಷೆಯ ಬಳಿಕ ಅದು ಕ್ರೋಮರ್ ರಕ್ತಗುಂಪು ವ್ಯವಸ್ಥೆಯಲ್ಲಿ ಹಿಂದೆಂದೂ ಕಾಣದ ಪ್ರತಿಜನಕವೆಂದು ಖಚಿತವಾಯಿತು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಅದನ್ನು ಕ್ರಿಬ್ ಎಂಬ ಹೆಸರಿನಲ್ಲಿ ಪ್ರಕಟಿಸಲಾಯಿತು. ಆ ಹೆಸರಿನೊಳಗೆ ಕ್ರೋಮರ್ ಜೊತೆ ಇಂಡಿಯಾ ಮತ್ತು ಬೆಂಗಳೂರು ಸೇರಿವೆ.

ಹೊಸ ಚಿಕಿತ್ಸೆ, ಹಳೆಯ ಬೆಲೆಯ ಪ್ರಶ್ನೆ

ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ 9 ಮತ್ತು 22ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುತ್ತವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಮಾತ್ರೆ ಆ ರೋಗವನ್ನು ಸಕ್ಕರೆ ಕಾಯಿಲೆಯಂತೆ ಹಿಡಿತದಲ್ಲಿಟ್ಟುಕೊಳ್ಳಬಹುದಾದ ಸ್ಥಿತಿಗೆ ತಂದಿತು. ನೊವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ತಗಲುತ್ತಿದ್ದರೆ, ಭಾರತದಲ್ಲಿ ತಯಾರಾದ ಅದೇ ಔಷಧಕ್ಕೆ 8,000 ರೂಪಾಯಿ ಸಾಕಾಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿದ್ದರಿಂದ ಅಗ್ಗದ ಮಾತ್ರೆ ಉಳಿಯಿತು.

ರೋಗಿಯದೇ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಬದಲಿಸಿ, ಮತ್ತೆ ಮೈಗೆ ಸೇರಿಸುವ ಕಾರ್-ಟಿ ಚಿಕಿತ್ಸೆಯೂ ಈಗ ದೇಶದಲ್ಲೇ ತಯಾರಾಗುತ್ತಿದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ ತನ್ನ ಕಾರ್-ಟಿ ಚಿಕಿತ್ಸೆ ಕಾರ್ಟೆಮಿಯನ್ನು 2025ರ ಜನವರಿಯಲ್ಲಿ ಹೊರತಂದಿತು. ಮಜ್ಜೆ ಕಸಿಗೆ ಹೊಂದುವ ದಾನಿಗಳ ಪಟ್ಟಿ ಬೆಳೆಸಲು 2019ರಲ್ಲಿ ಡಿಕೆಎಂಎಸ್-ಬಿಎಂಎಸ್‌ಟಿ ಎಂಬ ಹೆಸರಿನಲ್ಲಿ ಶುರುವಾದ ಪ್ರತಿಷ್ಠಾನವೂ ಬೆಂಗಳೂರಿನಲ್ಲಿದೆ.

ರಾಯಚೂರು ಸೀಮೆಯ ಪಾಲು

ದೇವಸುಗೂರಿನಲ್ಲಿ ಕೃಷ್ಣೆಗೆ ನಿಜಾಮರ ಕಾಲದಲ್ಲಿ ಕಟ್ಟಿದ ಸೇತುವೆ ದಾಟಿದರೆ ತೆಲಂಗಾಣ. ಹೈದರಾಬಾದ್ ಸುಮಾರು 200 ಕಿ.ಮೀ., ಬೆಂಗಳೂರು 400ಕ್ಕೂ ಹೆಚ್ಚು. ಆದ್ದರಿಂದ ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದ ಮನೆಯವರ ಮುಂದೆ ಹಲವು ದಾರಿಗಳಿರುತ್ತವೆ: ರಾಯಚೂರಿನ ರಿಮ್ಸ್ ಮತ್ತು ಜನ ಓಪೆಕ್ ಎಂದೇ ಕರೆಯುವ ಆಸ್ಪತ್ರೆ, ಕಲಬುರಗಿಯ ಕಿದ್ವಾಯಿ ಶಾಖೆ, ಹೈದರಾಬಾದಿನ ಎಂಎನ್‌ಜೆ ಕ್ಯಾನ್ಸರ್ ಸಂಸ್ಥೆ, ಇಲ್ಲವೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು. ಚಿಕಿತ್ಸೆ ಮುಗಿಯಲು ಎರಡು ವರ್ಷಕ್ಕೂ ಹೆಚ್ಚು ಬೇಕು. ದೇವದುರ್ಗ, ಮಾನ್ವಿ ಕಡೆಯಿಂದ ಗುಳೆ ಹೋಗಿ ಕೂಲಿಯ ಮೇಲೆ ಬದುಕುವ ಕುಟುಂಬಕ್ಕೆ ಔಷಧ ಉಚಿತವಾಗಿ ಸಿಕ್ಕರೂ ಬಸ್ಸಿನ ಖರ್ಚು, ತಪ್ಪಿದ ಕೂಲಿ, ಊರಲ್ಲಿ ಉಳಿದ ಮಕ್ಕಳ ಚಿಂತೆ ತಪ್ಪುವುದಿಲ್ಲ. ಚಿಕಿತ್ಸೆಯನ್ನು ನಡುವೆ ಬಿಡುವುದು ಭಾರತದಲ್ಲಿ ಮಕ್ಕಳ ಲ್ಯುಕೇಮಿಯಾ ಸಾವಿಗೆ ಒಂದು ದೊಡ್ಡ ಕಾರಣವೆಂದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿದ್ದರ ಹಿಂದೆ ಈ ದೂರದ ನೋವೂ ಇದೆ.

ದೂರ ಮತ್ತು ಬಡತನ ಪ್ರಾಣ ತೆಗೆಯುತ್ತವೆ, ಅವನ್ನು ಕಡಿಮೆ ಮಾಡಿದರೆ ಪ್ರಾಣ ಉಳಿಯುತ್ತದೆ ಎಂಬುದಕ್ಕೆ ಈ ಭಾಗದಿಂದಲೇ ಪುರಾವೆ ಸಿಕ್ಕಿದೆ. ಬಡತನ ರೇಖೆಯ ಕೆಳಗಿನವರಿಗೆ ಕ್ಯಾನ್ಸರ್, ಹೃದಯರೋಗ ಮುಂತಾದ ದುಬಾರಿ ಚಿಕಿತ್ಸೆ ಉಚಿತವಾಗಿ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಗೆ ಬಂತು. ಯೋಜನೆ ಇದ್ದ ಊರುಗಳನ್ನೂ ಯೋಜನಾ ಪ್ರದೇಶದ ಗಡಿಯ ಆಚೆ ಇನ್ನೂ ಅದು ಬಾರದ ಊರುಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದ ಬಡವರಲ್ಲಿ ಆಗುವ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆ ಇತ್ತು.

ಈ ಸೀಮೆಯಲ್ಲಿ ಮುಂದಿನ ಸಂಶೋಧನೆ ಹಿಡಿಯಬೇಕಾದ ದಾರಿಯೂ ಇಲ್ಲೇ ಕಾಣುತ್ತದೆ. ದೇವಸುಗೂರಿನ ಬಳಿಯ ಉಷ್ಣವಿದ್ಯುತ್ ಸ್ಥಾವರದ ಬೂದಿಯೋ ಹೊಲದ ಕೀಟನಾಶಕವೋ ರಕ್ತದ ಕಾಯಿಲೆಗೆ ಕಾರಣವೇ ಎಂಬ ಜನರ ಪ್ರಶ್ನೆಗೆ ಊಹೆಯಿಂದ ಉತ್ತರ ಸಿಗುವುದಿಲ್ಲ. ಹಳ್ಳಿಹಳ್ಳಿಯ ರೋಗಿಗಳನ್ನು ವರ್ಷಾನುಗಟ್ಟಲೆ ಎಣಿಸಿದ ದಾಖಲೆ ಬೇಕು. ಚಿಕಿತ್ಸೆಯ ಮೊದಲ ಕಠಿಣ ತಿಂಗಳುಗಳು ದೊಡ್ಡ ಆಸ್ಪತ್ರೆಯಲ್ಲೇ ಕಳೆಯಬೇಕು, ನಿಜ. ಆನಂತರದ ದೀರ್ಘ ನಿರ್ವಹಣಾ ಹಂತದಲ್ಲಿ ಮಗುವಿಗೆ ಮುಖ್ಯವಾಗಿ ಬೇಕಾಗುವುದು ದಿನದ 6-ಮರ್ಕ್ಯಾಪ್ಟೊಪ್ಯೂರಿನ್ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಕಾಲಕಾಲಕ್ಕೆ ರಕ್ತಕಣಗಳ ಎಣಿಕೆ, ಜ್ವರ ಬಂದಾಗ ತಡಮಾಡದೆ ನೋಡುವ ವೈದ್ಯರು. ಬೆಂಗಳೂರು ಅಥವಾ ಕಲಬುರಗಿಯ ತಜ್ಞರ ಮಾರ್ಗದರ್ಶನ ಫೋನಿನಲ್ಲಿ ಸಿಗುತ್ತಿದ್ದರೆ, ಇದರಲ್ಲಿ ಬಹುಪಾಲು ರಾಯಚೂರಿನಲ್ಲೇ ನಡೆಯಬಲ್ಲದು.